ನಲವತ್ತೊಂದು ಅರ್ಜಿಯಲ್ಲಿ ಒಂದು ನಿಜ

ಕುಸುಮ ಕೆಲಸಕ್ಕೆ ಸೇರಿದ ವರ್ಷವೇ ತಮಿಳು ಗಡಿಯ ಪಾಲಾರ್ ಕಡೆಯ ಒಂದು ಕೇರಿಯಲ್ಲಿ ವಾರದೊಳಗೆ ಮೂರು ಮಕ್ಕಳು ದಡಾರ ಬಂದು ಸತ್ತಿದ್ದವು. ಮೂರನೆಯ ಮಗು ಅವಳ ಮಡಿಲಲ್ಲೇ ಉಸಿರು ನಿಲ್ಲಿಸಿತ್ತು. ಅದರ ತಾಯಿ ತಮಿಳಿನಲ್ಲಿ ಏನೋ ಕೇಳುತ್ತಲೇ ಇದ್ದಳು. ಕುಸುಮಳಿಗೆ ಆಗ ತಮಿಳು ಬರುತ್ತಿರಲಿಲ್ಲ, ಆದರೂ ಏನು ಕೇಳುತ್ತಿದ್ದಾಳೆಂದು ಗೊತ್ತಾಗಿತ್ತು. ಅವತ್ತಿನಿಂದ ಲಸಿಕೆ ಯಾಕೆ ಹಾಕಬೇಕು ಎಂದು ಯಾರೂ ಅವಳಿಗೆ ಪಾಠ ಹೇಳಬೇಕಾಗಿ ಬರಲಿಲ್ಲ.

ಅವಳು ಮಾಂಬಳ್ಳಿಯವಳು. ಎಸ್ಸೆಸ್ಸೆಲ್ಸಿ ಮುಗಿಸಿ, ಮೈಸೂರಿನಲ್ಲಿ ತರಬೇತಿ ಪಡೆದು, ಇಪ್ಪತ್ನಾಲ್ಕನೇ ವಯಸ್ಸಿಗೆ ಆರೋಗ್ಯ ಇಲಾಖೆಯಲ್ಲಿ ಕೆಲಸ ಹಿಡಿದಳು. ಮದುವೆಯಾದದ್ದು ಕೊಳ್ಳೇಗಾಲದ ಬಸ್ ಡ್ರೈವರನ್ನು. ಇಲಾಖೆ ಅವಳ ಹುದ್ದೆಯ ಹೆಸರನ್ನು ಮೂರು ಸಲ ಬದಲಾಯಿಸಿತು, ಜನರಿಗೆ ಮಾತ್ರ ಅವಳು ಮೊದಲಿನಿಂದ ಕೊನೆಯವರೆಗೂ ಸಿಸ್ಟ್ರಮ್ಮನೇ. ಕೊನೆಯ ಹನ್ನೆರಡು ವರ್ಷ ಬಸರಿಕಟ್ಟೆದೊಡ್ಡಿಯ ಉಪಕೇಂದ್ರದಲ್ಲಿದ್ದಳು. ಬೆಳಿಗ್ಗೆ ಕೊಳ್ಳೇಗಾಲದಲ್ಲಿ ಬೆಟ್ಟದ ಬಸ್ಸು ಹತ್ತಿ ಕೌದಳ್ಳಿಯಲ್ಲಿ ಇಳಿಯುವುದು, ಆಟೋ ಸಿಕ್ಕರೆ ಆಟೋ, ಸಿಗದಿದ್ದರೆ ಲಸಿಕೆಯ ಡಬ್ಬಿಯನ್ನು ಹೆಗಲಿಗೆ ನೇತುಹಾಕಿಕೊಂಡು ಮೂರು ಮೈಲಿ ನಡಿಗೆ. ಹೆಂಗಸರು ಅವಳನ್ನು ನಂಬುತ್ತಿದ್ದರು. ಗಂಡನಿಗೆ ಹೇಳದ್ದನ್ನು ಅವಳಿಗೆ ಹೇಳುತ್ತಿದ್ದರು. ಆ ನಂಬಿಕೆಯನ್ನು ಕುಸುಮ ತನ್ನ ದುಡಿಮೆಯ ಗಳಿಕೆ ಎಂದುಕೊಂಡಿದ್ದಳು, ಅದರಲ್ಲಿ ತಪ್ಪೇನೂ ಇರಲಿಲ್ಲ.

ಕೊರೊನಾದ ಎರಡನೇ ವರ್ಷ, ಜೂನ್ ತಿಂಗಳು. ಬಸರಿಕಟ್ಟೆದೊಡ್ಡಿಯಲ್ಲೇ ಆರು ಜನ ಉಸಿರು ಸಿಗದೆ ಸತ್ತಿದ್ದರು. ಆದರೂ ಲಸಿಕೆ ಎಂದರೆ ಜನ ಮುಸುಕಿನ ಜೋಳದ ಹೊಲಕ್ಕೆ ನುಗ್ಗಿ ಕೂರುತ್ತಿದ್ದರು. ಸೂಜಿ ಹಾಕಿಸಿಕೊಂಡರೆ ಮಕ್ಕಳಾಗುವುದಿಲ್ಲ, ಎರಡು ವರ್ಷಕ್ಕೆ ಸಾಯುತ್ತಾರೆ ಎಂದು ಮೊಬೈಲಿನಲ್ಲಿ ಬರುತ್ತಿತ್ತು. ಇತ್ತ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ದಿನಾ ಸಂಜೆ ಫೋನು ಮಾಡಿ, ‘ಇವತ್ತೆಷ್ಟು? ನಾಳೆ ನೂರೈವತ್ತು ಆಗಲೇಬೇಕು’ ಎನ್ನುತ್ತಿದ್ದರು. ಸೂಜಿ ಹಾಕಿಸದವರಿಗೆ ಅಕ್ಕಿ ಇಲ್ಲ ಎಂದು ಊರಿನ ಪಡಿತರ ಅಂಗಡಿಯವನೂ ಬಾಯಿಮಾತಿಗೆ ಹೇಳಿಕೊಂಡು ತಿರುಗುತ್ತಿದ್ದ. ಕುಸುಮ ಬೇಡ ಎನ್ನಲಿಲ್ಲ. ಅಕ್ಕಿಯ ಹೆದರಿಕೆಗಾದರೂ ಜನ ಬರಲಿ ಎಂದು ಸುಮ್ಮನಿದ್ದಳು.

ಚಿಕ್ಕನಿಂಗಮ್ಮ ಆ ಊರಿನ ಕೂಲಿ ಹೆಂಗಸು. ಗಂಡ ಸತ್ತು ವರ್ಷಗಳಾಗಿದ್ದವು. ಒಬ್ಬಳೇ ಮಗಳು ರತ್ನ, ಇಪ್ಪತ್ತೊಂಬತ್ತರ ಹುಡುಗಿ, ಯಳಂದೂರು ಕಡೆಗೆ ಮದುವೆಯಾಗಿದ್ದವಳು ಲಾಕ್‌ಡೌನಿಗೆ ತಾಯಿಯ ಮನೆಗೆ ಬಂದು ಉಳಿದಿದ್ದಳು. ಹೊಲಿಗೆ ಕಲಿತವಳು, ಕುಸುಮಳಿಗೂ ಎರಡು ರವಿಕೆ ಹೊಲಿದುಕೊಟ್ಟಿದ್ದಳು. ಅವಳು ಸೂಜಿಗೆ ಹೆದರಿ ಮನೆಯೊಳಗೆ ಕುಳಿತಾಗ ಕುಸುಮಳೇ ಹೋಗಿ ಕೈ ಹಿಡಿದು ಎಬ್ಬಿಸಿದಳು.

“ಏನೂ ಆಗದಿಲ್ಲ ಬಾರವ್ವ. ನಾನೂ ಆಕಿಸ್ಕೊಂಡಿವ್ನಿ, ನೋಡು, ಕಲ್ಲಿನಂಗೆ ಇಲ್ವಾ?”

“ನಿಮ್ ಮಾತ್ ಮ್ಯಾಲ ಬತ್ತಾ ಇವ್ನಿ ಸಿಸ್ಟ್ರೇ,” ಎಂದು ರತ್ನ ನಕ್ಕು ತೋಳು ಮುಂದೆ ಮಾಡಿದಳು.

ಎಂಟನೇ ದಿನ ಚಿಕ್ಕನಿಂಗಮ್ಮ ಪಕ್ಕದ ಮನೆಯವರ ಫೋನಿನಿಂದ ಮಾತಾಡಿದಳು. “ಸಿಸ್ಟ್ರೇ, ನಮ್ ರತ್ನ ತಲ ನೋವು ಅಂತ ಗೋಡೆಗ ಅಣೆ ಒತ್ಕೊಂಡು ಕುಂತದ. ವಾಂತಿನೂ ಆಯ್ತಾ ಅದ.”

ಅವತ್ತು ಕುಸುಮ ಬೇರೊಂದು ಹಳ್ಳಿಯಲ್ಲಿದ್ದಳು. ಎದುರಿಗೆ ಎಪ್ಪತ್ತು ಜನ ಸಾಲು ನಿಂತಿದ್ದರು. “ಎಲ್ರಿಗೂ ಆಯ್ತದೆ ಕಣವ್ವ, ಜ್ವರದ ಮಾತ್ರೆ ಕೊಟ್ಟಿದ್ದೀನಲ್ಲ, ಕೊಡು,” ಎಂದು ಫೋನು ಇಟ್ಟಳು. ಸೂಜಿಯ ನೋವು, ಜ್ವರ ಬರುವುದು ಮೊದಲ ಎರಡು ದಿನ. ಎಂಟನೇ ದಿನ ಬರುವ ತಲೆನೋವು ಬೇರೆ ಎಂದು ತಿಂಗಳ ಹಿಂದೆಯಷ್ಟೇ ತರಬೇತಿಯಲ್ಲಿ ಹೇಳಿದ್ದರು. ಆ ಮಾತು ಅವಳ ತಲೆಯಲ್ಲಿ ಹಾದುಹೋಗಿತ್ತು ಕೂಡ. ಎದುರಿಗಿದ್ದ ಸಾಲು ನೋಡಿ ಅದನ್ನು ಬದಿಗೆ ತಳ್ಳಿದಳು.

ಮತ್ತೆರಡು ದಿನ ಬಿಟ್ಟು ಅವಳು ಹೋದಾಗ ರತ್ನಳ ಎಡಗಾಲು ಊದಿಕೊಂಡಿತ್ತು. ಮೊಣಕಾಲಿನ ಕೆಳಗೆ ರಾಗಿ ಕಾಳು ಎರಚಿದಂತೆ ಕೆಂಪು ಚುಕ್ಕೆಗಳು. ಮಾತು ತೊದಲುತ್ತಿತ್ತು. ಆಂಬುಲೆನ್ಸಿನಲ್ಲಿ ಕೊಳ್ಳೇಗಾಲ, ಅಲ್ಲಿಂದ ಮೈಸೂರಿನ ಒಂದು ದೊಡ್ಡ ಆಸ್ಪತ್ರೆ. ಮೂರನೇ ದಿನ ರತ್ನ ತೀರಿಕೊಂಡಳು. ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ, ರಕ್ತದ ಪ್ಲೇಟ್‌ಲೆಟ್‌ಗಳು ತೀರಾ ಇಳಿದಿವೆ ಎಂದು ಅಲ್ಲಿಯವರು ಚೀಟಿಯಲ್ಲಿ ಬರೆದುಕೊಟ್ಟರು. ಕೊರೊನಾ ಕಾಲ. ಹೆಣ ಕೊಯ್ಯಲಿಲ್ಲ, ಯಾರೂ ಕೇಳಲೂ ಇಲ್ಲ.

ಲಸಿಕೆಯ ನಂತರ ಹೀಗೇನಾದರೂ ಆದರೆ ಒಂದು ಫಾರಂ ತುಂಬಿ ಮೇಲಕ್ಕೆ ಕಳಿಸಬೇಕು. ಅಲ್ಲಿ ಸಮಿತಿಯವರು ನೋಡಿ ಲಸಿಕೆಯಿಂದ ಆದದ್ದೋ ಅಲ್ಲವೋ ತೀರ್ಮಾನಿಸುತ್ತಾರೆ. ಕುಸುಮ ಕೂತು ತುಂಬಿದಳು. ಸೂಜಿ ಹಾಕಿದ ದಿನ, ಬಾಟಲಿಯ ನಂಬರು, ತಲೆನೋವು ಶುರುವಾದ ದಿನ, ಎಲ್ಲ. ಡಾಕ್ಟರು ನಿಂತಲ್ಲೇ ಓದಿದರು.

“ಹತ್ತು ದಿನ ಆದ್ಮೇಲೆ ಆಗಿದ್ದಕ್ಕೂ ಲಸಿಕೆಗೂ ಏನ್ರೀ ಸಂಬಂಧ?”

“ಸರ್, ತರಬೇತೀಲಿ...”

“ಸಿಸ್ಟರ್, ಈ ಸುದ್ದಿ ಹೊರಗೆ ಹೋದ್ರೆ ನಾಳೆಯಿಂದ ಒಬ್ಬನೂ ಬರಲ್ಲ. ಬರದೇ ಸತ್ತೋರ ಪಾಪ ನಿಮ್ಮ ತಲೆ ಮೇಲೆ. ಇಲ್ಲಿ ಇಟ್ಟಿರಿ, ನಾಳೆ ನೋಡೋಣ.”

ಅವರು ಫಾರಂ ಅನ್ನು ಮೇಜಿನ ಡ್ರಾಯರಿನಲ್ಲಿಟ್ಟರು. ‘ನಾಳೆ’ ಎಂದರೇನು ಎಂದು ಕುಸುಮಳಿಗೆ ಆಗಲೇ ಗೊತ್ತಿತ್ತು. ಆಮೇಲೆ ಒಂದು ಸಲವೂ ಅವಳು ಕೇಳಲಿಲ್ಲ. ಡಾಕ್ಟರ ಮಾತಿನಲ್ಲಿ ಅರ್ಧ ನಿಜವೂ ಇತ್ತು, ಅದೇ ಅವಳಿಗೆ ಅನುಕೂಲವಾಯಿತು.

ಆ ವರ್ಷದ ಕೊನೆಗೆ ಇನ್ನೊಂದು ಆಯಿತು. ಎರಡನೇ ಸೂಜಿ ನೂರಕ್ಕೆ ನೂರು ಆಗಬೇಕೆಂದು ಒತ್ತಡ ಬಂತು. ಬಾಕಿ ಉಳಿದವರ ಪಟ್ಟಿಯನ್ನು ಕುಸುಮ ಕಂಪ್ಯೂಟರ್ ಹುಡುಗಿಯ ಕೈಗೆ ಕೊಟ್ಟಳು. ಸಂಜೆಯ ಹೊತ್ತಿಗೆ ಬಾಕಿ ಯಾರೂ ಇರಲಿಲ್ಲ, ಎಲ್ಲರೂ ಹಾಕಿಸಿಕೊಂಡಂತೆ ದಾಖಲಾಗಿತ್ತು. ಅದರಲ್ಲಿ ಕೆಂಚಯ್ಯ ಎಂಬ ಮುದುಕನ ಹೆಸರೂ ಇತ್ತು. ಕೆಂಚಯ್ಯ ನಾಲ್ಕು ತಿಂಗಳ ಹಿಂದೆಯೇ ಹೊಲದಲ್ಲಿ ಕೊಳಕುಮಂಡಲ ಕಚ್ಚಿ ಸತ್ತಿದ್ದ. ಅವನ ಕಾಲಿಗೆ ಬಟ್ಟೆ ಸುತ್ತಿ ಗಾಡಿ ಹತ್ತಿಸಿದವಳು ಕುಸುಮಳೇ. ಪಟ್ಟಿ ಕೊಡುವಾಗ ಆ ಹೆಸರು ಅವಳ ಕಣ್ಣಿಗೆ ಬಿದ್ದಿತ್ತು. ಹೊಡೆದುಹಾಕಲಿಲ್ಲ.

ಮೂರು ವರ್ಷ ಕಳೆಯಿತು. ಜನ ಮಾಸ್ಕು ಮರೆತರು, ಸತ್ತವರನ್ನೂ ಬಹುಮಟ್ಟಿಗೆ ಮರೆತರು. ಆಮೇಲೆ ಒಂದು ಬೇಸಿಗೆ, ವಿದೇಶದ ಕೋರ್ಟಿನಲ್ಲಿ ಲಸಿಕೆಯ ಕಂಪನಿಯೊಂದು ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟಬಹುದೆಂದು ಒಪ್ಪಿಕೊಂಡಿತೆಂಬ ಸುದ್ದಿ ಟೀವಿಯಲ್ಲಿ ಬಂತು. ‘ಅಪರೂಪಕ್ಕೆ’ ಎಂಬ ಮಾತು ತಾಲ್ಲೂಕಿನ ಊರಾದ ಹನೂರಿಗೆ ಬಂದು ತಲುಪುವಷ್ಟರಲ್ಲಿ ಎಲ್ಲೋ ಉದುರಿಹೋಗಿತ್ತು.

ಸುದ್ದಿ ಬಂದ ಎರಡನೇ ವಾರ ಸಿದ್ದಮಲ್ಲಪ್ಪ ಕೊಳ್ಳೇಗಾಲಕ್ಕೆ ಕುಸುಮಳ ಮನೆ ಹುಡುಕಿಕೊಂಡು ಬಂದ. ಹನೂರಿನಲ್ಲಿ ಪಹಣಿ, ಆಧಾರ್ ತೆಗೆದುಕೊಡುವ ಅಂಗಡಿ ಇಟ್ಟಿದ್ದವನು. ಈಗ ‘ಲಸಿಕೆ ಸಂತ್ರಸ್ತರ ವೇದಿಕೆ’ ಎಂದು ವಾಟ್ಸಾಪ್ ಗುಂಪು ಕಟ್ಟಿ, ಹೊರಗಿನ ಒಬ್ಬ ವಕೀಲನನ್ನು ಹಿಡಿದು, ಪರಿಹಾರದ ದಾವೆ ಹಾಕಿಸುವುದಾಗಿ ಊರೂರು ತಿರುಗುತ್ತಿದ್ದ. ಬಂದದ್ದರಲ್ಲಿ ಮೂರನೇ ಒಂದು ಪಾಲು ಅವನಿಗೆ ಎಂದು ಮೊದಲೇ ಬರೆಸಿಕೊಳ್ಳುತ್ತಾನೆ ಎಂದು ಕುಸುಮ ಕೇಳಿದ್ದಳು.

ಪಡಸಾಲೆಯಲ್ಲಿ ಕೂತು, ಕಾಫಿ ಕುಡಿದು, ಚೀಲದಿಂದ ಒಂದು ದಪ್ಪ ಫೈಲು ತೆಗೆದ. ಪ್ರತಿ ಹಾಳೆಗೂ ಸತ್ತವರ ಒಂದೊಂದು ಫೋಟೋ ಅಂಟಿಸಿತ್ತು. ಅವನು ನಾಲಿಗೆಗೆ ಬೆರಳು ಒತ್ತಿ ಒತ್ತಿ ಹಾಳೆ ತಿರುಗಿಸುತ್ತಿದ್ದ. ಎಲೆಅಡಿಕೆಯ ಕೆಂಪು ಎಂಜಲು ಹಾಳೆಗಳ ಮೂಲೆಗೆಲ್ಲ ಹತ್ತಿತ್ತು. ಕುಸುಮ ತನ್ನ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡಳು.

“ನಲವತ್ತೊಂದು ಅವೆ ಸಿಸ್ಟರ್. ನಿಮ್ ಕಡೇವೇ ಹದಿನೆಂಟು. ಇವ್ರೆಲ್ಲ ಸೂಜಿ ಆದ ವಾರದೊಳಗೆ ಎದೆನೋವು ಅಂತ ನಿಮ್ಗೆ ಯೋಳಿದ್ರು, ನೀವು ಮೇಲ್ಕೆ ತಿಳಿಸಿದ್ರಿ, ಇಷ್ಟೇ. ಬರ್ಕೊಂಡೇ ಬಂದಿವ್ನಿ. ಸೈನ್ ಆಕಿ ಸಾಕು.”

ಅವಳು ಫೈಲು ತೆಗೆದುಕೊಂಡು ನೋಡಿದಳು. ಒಬ್ಬ ಬೈಕಿನಿಂದ ಬಿದ್ದು ಸತ್ತವನು. ಒಬ್ಬ ಕುಡಿದು ಕುಡಿದು ಲಿವರ್ ಕೆಟ್ಟವನು, ಅವನ ಊದಿದ ಹೊಟ್ಟೆಯನ್ನು ಅವಳೇ ಮುಟ್ಟಿ ನೋಡಿದ್ದಳು. ಒಬ್ಬಳು ಬಾವಿಗೆ ಬಿದ್ದವಳು. ಎಲ್ಲರಿಗೂ ಒಂದೇ ಸಾಲು: ‘ಲಸಿಕೆ ಪಡೆದ ಒಂದು ವಾರದೊಳಗೆ ತೀವ್ರ ಎದೆನೋವು ಕಾಣಿಸಿಕೊಂಡು ಮೃತಪಟ್ಟಿರುತ್ತಾರೆ.’ ಹನ್ನೊಂದನೇ ಹಾಳೆಯಲ್ಲಿ ಕೆಂಚಯ್ಯ. ಇಪ್ಪತ್ತಾರನೇ ಹಾಳೆಯಲ್ಲಿ ರತ್ನ, ಮದುವೆಯ ಫೋಟೋದಿಂದ ಕತ್ತರಿಸಿ ತೆಗೆದ ಮುಖ. ಅವಳಿಗೂ ಎದೆನೋವು. ಪರಿಹಾರ ಪಡೆಯುವವನ ಜಾಗದಲ್ಲಿ ಗಂಡನ ಹೆಸರು. ಅವನು ಆಗಲೇ ಇನ್ನೊಂದು ಮದುವೆಯಾಗಿ ಎರಡು ವರ್ಷವಾಗಿತ್ತು. ಚಿಕ್ಕನಿಂಗಮ್ಮನ ಹೆಬ್ಬೆಟ್ಟು ಸಾಕ್ಷಿಯ ಜಾಗದಲ್ಲಿತ್ತು.

“ಕೆಂಚಯ್ಯನಿಗೆ ಹಾವು ಕಚ್ಚಿತ್ತು,” ಎಂದಳು ಕುಸುಮ.

“ಹಾವು ಕಚ್ಚಿದ್ಕೂ ಕಾಗದ ಇಲ್ಲ, ಎದೆನೋವು ಬಂದಿದ್ಕೂ ಕಾಗದ ಇಲ್ಲ. ಯಾವುದು ಬರೆದ್ರೇನು?” ಸಿದ್ದಮಲ್ಲಪ್ಪ ಮೊಬೈಲು ತೆಗೆದು ಅವಳ ಮುಂದೆ ಹಿಡಿದ. “ಇದು ಮಾತ್ರ ಕಾಗದ ಅದೆ ನೋಡಿ. ಕೆಂಚಯ್ಯನ ಎರಡನೇ ಡೋಸ್ ಸರ್ಟಿಫಿಕೇಟು, ಲಸಿಕೆ ಆಕಿದವ್ರು ಕುಸುಮ. ಅವ್ನು ಸತ್ತು ನಾಕು ತಿಂಗ್ಳು ಆಗಿತ್ತು ಅವತ್ಗೆ. ಸತ್ತೋನ್ಗೆ ಸೂಜಿ ಆಕಿದ್ದೀರಿ. ಇದನ್ನ ನಾನು ಯಾರ್ಗೂ ತೋರ್ಸಿಲ್ಲ ಸಿಸ್ಟರ್. ನೀವೂ ನಮ್ಗೆ ಸಹಾಯ ಮಾಡಿ.”

ಯೋಚನೆ ಮಾಡುತ್ತೇನೆ ಎಂದು ಅವನನ್ನು ಕಳಿಸಿದ ಮೇಲೆ ಕುಸುಮ ಅವನು ಕುಡಿದ ಲೋಟವನ್ನು ತೊಳೆಯಲಿಲ್ಲ, ತಿಪ್ಪೆಗೆ ಎಸೆದಳು. ಆದರೆ ಅಸಹ್ಯ ಲೋಟದ ಜೊತೆ ಹೋಗಲಿಲ್ಲ. ಅವನ ಮೊಬೈಲಿನಲ್ಲಿದ್ದದ್ದು ತನ್ನ ಹೆಸರು. ಅವನು ಸುಳ್ಳು ಬರೆಯಲು ಕಲಿತದ್ದು ಹನೂರಿನ ಅಂಗಡಿಯಲ್ಲಿ, ತಾನು ಸರ್ಕಾರಿ ಸಂಬಳ ತೆಗೆದುಕೊಂಡು ಬರೆದವಳು. ಇಬ್ಬರಲ್ಲಿ ಯಾರು ಹೆಚ್ಚು ಹೊಲಸು ಎಂದು ಎರಡು ದಿನ ಯೋಚಿಸಿದಳು.

“ಸೈನೂ ಆಕ್ಬೇಡ, ಏನೂ ಮಾತಾಡ್ಬೇಡ. ಇನ್ನೆರಡು ವರ್ಷ, ರಿಟೈರ್ ಆಯ್ತೀಯ,” ಎಂದರು ಗಂಡ.

ಅವಳೂ ಹಾಗೇ ಮಾಡುತ್ತಿದ್ದಳೇನೋ. ಆದರೆ ಮುಂದಿನ ಗುರುವಾರ, ಮಕ್ಕಳಿಗೆ ಲಸಿಕೆ ಹಾಕುವ ದಿನ, ದೊಡ್ಡಿಯ ಅಂಗನವಾಡಿಗೆ ಬರಬೇಕಾಗಿದ್ದ ಹದಿನಾಲ್ಕು ಕೂಸುಗಳಲ್ಲಿ ಬಂದದ್ದು ಮೂರು. ಉಳಿದ ತಾಯಂದಿರು ಬಾಗಿಲು ಹಾಕಿಕೊಂಡಿದ್ದರು. ಒಬ್ಬಳು ಕಿಟಕಿಯಿಂದಲೇ ಮೊಬೈಲು ತೋರಿಸಿದಳು. ವೇದಿಕೆಯ ಗುಂಪಿನಲ್ಲಿ ಸಿದ್ದಮಲ್ಲಪ್ಪ ಕಳಿಸಿದ್ದ ಧ್ವನಿ: ಸರ್ಕಾರದ ಎಲ್ಲ ಸೂಜಿಯಲ್ಲೂ ಅದೇ ವಿಷ ಇದೆ, ಹಾಕಿಸಿದವರು ಕೂಡಲೇ ಹೆಸರು ನೋಂದಾಯಿಸಿ. ದಡಾರದ ಸೂಜಿ ತಪ್ಪಿದ ಕೂಸು ಒಳಗೆ ತೊಟ್ಟಿಲಲ್ಲಿ ಕಾಲು ಆಡಿಸುತ್ತಿತ್ತು.

“ಅದು ಬೇರೆ, ಇದು ಬೇರೆ ಕಣವ್ವ,” ಎಂದಳು ಕುಸುಮ.

“ನೀವು ರತ್ನಕ್ಕನ್ಗೂ ಏನೂ ಆಗದಿಲ್ಲ ಅಂದಿದ್ರಂತಲ್ಲ,” ಎಂದು ಆ ತಾಯಿ ಕಿಟಕಿ ಮುಚ್ಚಿದಳು.

ಕುಸುಮ ಲಸಿಕೆಯ ಡಬ್ಬಿಯನ್ನು ಹೆಗಲಿಗೆ ಏರಿಸಿಕೊಂಡು ಬೀದಿಗೆ ಇಳಿದಳು. ಡ್ರಾಯರಿನಲ್ಲಿ ಇಟ್ಟ ಆ ಫಾರಂ ಆವತ್ತೇ ಮೇಲಕ್ಕೆ ಹೋಗಿದ್ದರೆ, ಇಂಥದ್ದೊಂದು ಆಯಿತು, ಲಕ್ಷಾಂತರ ಜನರಲ್ಲಿ ಹೀಗೆ ಒಬ್ಬರಿಗೆ ಆಗಬಹುದು, ಎಂಟನೇ ದಿನ ತಲೆನೋವು ಬಂದರೆ ಓಡಿ ಬನ್ನಿ ಎಂದು ಊರಿಗೆ ಹೇಳಬಹುದಿತ್ತು. ಆಗ ಈ ಹೆಂಗಸಿಗೆ ಹೇಳಲು ತನ್ನ ಬಾಯಲ್ಲಿ ಒಂದು ಮಾತು ಇರುತ್ತಿತ್ತು. ಜನ ಹೆದರಬಾರದೆಂದು ಮುಚ್ಚಿಟ್ಟದ್ದೇ ಈಗ ಹೆದರಿಕೆಯಾಗಿ ಊರು ತುಂಬಿತ್ತು.

ಅಲ್ಲಿಂದ ನೇರ ಚಿಕ್ಕನಿಂಗಮ್ಮನ ಮನೆಗೆ ಹೋದಳು. ಚಿಕ್ಕನಿಂಗಮ್ಮ ಜಗಲಿಯಲ್ಲಿ ಕೂತು ಹುಣಸೆಹಣ್ಣು ಬಡಿದು ಬೀಜ ತೆಗೆಯುತ್ತಿದ್ದಳು. ಮೂರು ವರ್ಷದಲ್ಲಿ ಕುಸುಮ ಆ ಜಗಲಿ ಹತ್ತಿರಲಿಲ್ಲ, ಬೇರೆ ಬೀದಿಯಿಂದ ಹೋಗಿಬರುತ್ತಿದ್ದಳು.

“ಆ ಸಿದ್ದಮಲ್ಲಪ್ಪನ ಕಾಗದಕ್ಕೆ ಯಾಕೆ ಹೆಬ್ಬೆಟ್ಟು ಒತ್ತಿದೆ ನಿಂಗಮ್ಮ? ಅದ್ರಲ್ಲಿ ದುಡ್ಡೆಲ್ಲ ನಿನ್ ಅಳಿಯನ್ಗೆ ಅಂತ ಬರ್ದದೆ.”

“ದುಡ್ಡು ಯಾರ್ಗಾರ ಓಗ್ಲಿ ಬುಡಿ. ಅವ್ರ ಮನಲಿ ಏನಂತಾರ ಗೊತ್ತಾ ಸಿಸ್ಟ್ರೇ? ಮೂರ್ಛೆ ರೋಗ ಇತ್ತು, ಮುಚ್ಚಿಟ್ಟು ಮದುವ ಮಾಡುದ್ರು ಅಂತಾರ. ಬೀಗ್ತಿ ಸಂತಲಿ ಸಿಕ್ದಾಗ ನಾಕು ಜನದ ಮುಂದ ಅಂದ್ಳು. ನನ್ ಮಗಳು ಏನಾಗಿ ಸತ್ಲು ಅಂತ ಸರ್ಕಾರದೋರು ಒಂದು ಕಾಗದ್ದಲ್ಲಿ ಬರ್ಕೊಟ್ರ ಸಾಕು ನಂಗ. ಕೋರ್ಟ್ಗ ಆಕುದ್ರ ಬರ್ಕೊಡ್ತಾರ ಅಂತ ಅವ್ನು ಯೋಳ್ದ, ನಾ ಒತ್ದಿ.”

ಕುಸುಮ ನಿಂತುಕೊಂಡೇ ಹೇಳಿದಳು. ಎಂಟನೇ ದಿನದ ಫೋನು, ತರಬೇತಿಯಲ್ಲಿ ಹೇಳಿದ್ದ ಮಾತು ನೆನಪಿಗೆ ಬಂದೂ ಬರಲಿಲ್ಲವೆಂಬಂತೆ ಮಾಡಿದ್ದು, ತುಂಬಿದ ಫಾರಂ, ಡ್ರಾಯರು. ಎಲ್ಲಿಯೂ ತನ್ನನ್ನು ಉಳಿಸಿಕೊಳ್ಳದೆ ಹೇಳಿದಳು. ಚಿಕ್ಕನಿಂಗಮ್ಮನ ಕೈಯ ಕೋಲು ನಿಂತಿತು.

“ಫೋನ್ ಮಾಡ್ದಾಗ ಬಂದಿದ್ರ ಉಳೀತಿದ್ಲಾ?”

“ಗೊತ್ತಿಲ್ಲ. ಉಳಿಯೋದು ಕಷ್ಟವೇ ಇತ್ತು. ಆದ್ರೆ ಎರಡು ದಿನ ಮುಂಚೆ ಆಸ್ಪತ್ರೆ ಸೇರ್ತಿದ್ಳು.”

“ಎದ್ದೋಗಿ ಇಲ್ಲಿಂದ,” ಎಂದಳು ಚಿಕ್ಕನಿಂಗಮ್ಮ. ಕುಸುಮ ನಿಂತೇ ಇದ್ದಳು, ಏಳಲು ಏನೂ ಇರಲಿಲ್ಲ. ತಿರುಗಿ ನಡೆದಳು.

ಹತ್ತು ದಿನದ ಮೇಲೆ ಚಿಕ್ಕನಿಂಗಮ್ಮ ತಾನೇ ಕೊಳ್ಳೇಗಾಲದ ಮನೆಗೆ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ. ಬಾಗಿಲಲ್ಲೇ ನಿಂತು ಕೇಳಿದಳು: “ಅವತ್ತು ಯೋಳಿದ್ನ ಕೋರ್ಟಲ್ಲೂ ಯೋಳ್ತೀರಾ?”

“ಹೇಳ್ತೀನಿ.”

“ಹಂಗಾದ್ರ ನಡೀರಿ.”

ಕೋರ್ಟಿನ ಬಳಿ ಕಚೇರಿ ಇಟ್ಟಿದ್ದ ಶ್ರುತಿ ಎಂಬ ಎಳೆ ವಯಸ್ಸಿನ ವಕೀಲೆ ಅವರ ಮಾತನ್ನೆಲ್ಲ ಕೇಳಿ ಪೆನ್ನು ಕೆಳಗಿಟ್ಟಳು. ಎಲ್ಲಿಯೂ ಸುಳ್ಳು ಭರವಸೆ ಕೊಡಲಿಲ್ಲ, ಅದು ಕುಸುಮಳಿಗೆ ಹಿಡಿಸಿತು. “ಅಮ್ಮ, ಇಂಥ ಸಾವಿಗೆ ಇಷ್ಟು ಪರಿಹಾರ ಅಂತ ನಮ್ಮಲ್ಲಿ ಯೋಜನೆಯೇ ಇಲ್ಲ. ಯಾರದ್ದೋ ಅಜಾಗರೂಕತೆ ಅಂತ ನಾವೇ ಸಾಬೀತು ಮಾಡಬೇಕು. ಕಾಲಮಿತಿ ಬೇರೆ ಮೀರಿದೆ. ಆದರೆ ಸಾವಿಗೆ ಕಾರಣ ಏನೆಂದು ಇಲಾಖೆ ಪರಿಶೀಲಿಸಲಿ ಎಂದು ಕೇಳಬಹುದು, ಅದಕ್ಕೆ ಮೈಸೂರಿನ ಚೀಟಿ ಇದೆ.” ಆಮೇಲೆ ಕುಸುಮಳ ಕಡೆ ತಿರುಗಿದಳು. “ಸಿಸ್ಟರ್, ಫಾರಂ ವಿಷಯ ಹೇಳಿದರೆ ಅವರು ನಿಮ್ಮ ಬೇರೆ ದಾಖಲೆಗಳನ್ನೂ ಕೆದಕುತ್ತಾರೆ.”

“ಕೆದಕೋದು ಬೇಡ, ನಾನೇ ಬರೆದುಕೊಡ್ತೀನಿ,” ಎಂದಳು ಕುಸುಮ. ಕೆಂಚಯ್ಯನ ಹೆಸರೂ ಸೇರಿ ಸುಳ್ಳು ದಾಖಲಾದ ಇಪ್ಪತ್ತಮೂರು ಹೆಸರುಗಳನ್ನು ಕೋರ್ಟಿಗೆ ಕೊಡುವ ಪ್ರಮಾಣಪತ್ರದಲ್ಲಿ ಬರೆಸಿದಳು. ಸಿದ್ದಮಲ್ಲಪ್ಪನ ಮೊಬೈಲಿನಲ್ಲಿದ್ದ ಬೆದರಿಕೆ ಅವತ್ತಿಗೆ ಮುಗಿಯಿತು.

ಚಿಕ್ಕನಿಂಗಮ್ಮ ತನ್ನ ಸಾಕ್ಷಿ ಹಿಂದಕ್ಕೆ ಪಡೆದು, ವೇದಿಕೆಯ ದಾವೆಯಿಂದ ರತ್ನಳ ಅರ್ಜಿ ತೆಗೆಸಿ ಬೇರೆ ದಾವೆ ಹಾಕಿದಳು. ಅಷ್ಟಕ್ಕೇ ಸಿದ್ದಮಲ್ಲಪ್ಪ ಗುಂಪಿನಲ್ಲಿ ಕುಸುಮಳ ಫೋಟೋ ಹಾಕಿ, ‘ಕಂಪನಿಗೆ ಮಾರಿಕೊಂಡ ನರ್ಸ್’ ಎಂದು ಬರೆದ. ಇತ್ತ ಇಲಾಖೆಯವರು ಅವಳನ್ನು ಕಂಡರೆ ಮುಖ ತಿರುಗಿಸತೊಡಗಿದರು. ಅವಳೊಡನೆ ಇಪ್ಪತ್ತು ವರ್ಷ ಊಟದ ಡಬ್ಬಿ ಹಂಚಿಕೊಂಡಿದ್ದವರು ಮೀಟಿಂಗಿನಲ್ಲಿ ದೂರ ಕೂತರು. ಅವರೆಲ್ಲರ ರಿಜಿಸ್ಟರಿನಲ್ಲೂ ಒಬ್ಬೊಬ್ಬ ಕೆಂಚಯ್ಯ ಇದ್ದನೆಂದು ಅವಳಿಗೆ ಗೊತ್ತಿತ್ತು.

ಸಾಕ್ಷಿ ಹೇಳಬೇಕಾದ ದಿನ ಕೋರ್ಟಿನ ಹೊರಗೆ ಆ ಡಾಕ್ಟರು ಸಿಕ್ಕಿದರು. ಈಗ ದೊಡ್ಡ ಹುದ್ದೆಯಲ್ಲಿದ್ದರು, ಮೈಮೇಲೆ ಒಳ್ಳೆಯ ಕೋಟು. ಏನೂ ಆಗಿಲ್ಲದವರಂತೆ ನಕ್ಕು, “ಏನ್ ಸಿಸ್ಟರ್, ಯಜಮಾನರ ಶುಗರ್ ಹೇಗಿದೆ?” ಎಂದರು. ಒಳಗೆ ಹೋಗಿ, ಅಂಥ ಫಾರಂ ತಮ್ಮ ಗಮನಕ್ಕೆ ಬಂದೇ ಇಲ್ಲ ಎಂದು ಅದೇ ನಗುವಿನಲ್ಲಿ ಹೇಳಿಬಂದರು. ಅವರ ಮೈಯ ಸೆಂಟಿನ ವಾಸನೆ ಕುಸುಮಳ ಮೂಗಿನಲ್ಲಿ ಉಳಿಯಿತು. ಕೊಳೆತ ಗಾಯವನ್ನು ಎಷ್ಟೋ ಸಲ ತೊಳೆದಿದ್ದಳು, ಆ ವಾಸನೆಯೂ ಹೀಗೆ ಅಂಟಿಕೊಂಡಿರಲಿಲ್ಲ.

ಎದುರು ಪಕ್ಷದ ವಕೀಲರು ನಿಧಾನವಾಗಿ ಕೇಳಿದರು.

“ಸತ್ತವರಿಗೆ ಲಸಿಕೆ ಹಾಕಿದ್ದೇನೆಂದು ದಾಖಲೆ ಕೊಟ್ಟವರು ನೀವೇ ತಾನೇ?”

“ಹೌದು ಸಾ.”

“ಅಂದರೆ ಸುಳ್ಳು ದಾಖಲೆ ಬರೆಯುವುದು ನಿಮಗೆ ಅಭ್ಯಾಸ.”

“ಬರೆದಿದ್ದೀನಿ ಸಾ.”

“ಹಾಗಾದರೆ ಆ ಫಾರಂ ತುಂಬಿದ್ದು ನಿಜ ಎಂದು ಯಾಕೆ ನಂಬಬೇಕು?”

“ನಂಬಬೇಡಿ ಸಾ. ಮೈಸೂರಿನ ಆಸ್ಪತ್ರೆ ಕಾಗದ ನೋಡಿ. ಸೂಜಿ ಹಾಕಿದ ದಿನ ನೋಡಿ. ನನ್ನನ್ನ ಬಿಟ್ಟುಬಿಡಿ,” ಎಂದಳು. ಹಿಂದೆ ಕೂತಿದ್ದವರಲ್ಲಿ ಯಾರೋ ನಕ್ಕರು. ಸಿದ್ದಮಲ್ಲಪ್ಪನೂ ಅಲ್ಲಿದ್ದ, ಡಾಕ್ಟರೂ ಇದ್ದರು. ಯಾರ ನಗು ಎಂದು ಅವಳು ತಿರುಗಿ ನೋಡಲಿಲ್ಲ.

ಮುಗಿದದ್ದು ಹೀಗೆ. ವೇದಿಕೆಯ ನಲವತ್ತು ಅರ್ಜಿಗಳು ಒಂದೇ ಆದೇಶದಲ್ಲಿ ಬಿದ್ದುಹೋದವು. ಅವುಗಳಲ್ಲಿ ಇನ್ನೊಂದು ನಿಜ ಇತ್ತೋ ಏನೋ, ನೋಡಲು ಯಾರಿಗೂ ವ್ಯವಧಾನವಿರಲಿಲ್ಲ. ಅಷ್ಟು ಸುಳ್ಳಿನ ನಡುವೆ ಅದು ಉಸಿರು ಕಟ್ಟಿ ಸತ್ತಿತ್ತು. ಸಿದ್ದಮಲ್ಲಪ್ಪ ಈಗ ಬೇರೆ ಯಾವುದೋ ಯೋಜನೆಯ ಅರ್ಜಿ ತುಂಬಿಕೊಡುತ್ತಿದ್ದಾನೆ, ಅಂಗಡಿ ಮೊದಲಿಗಿಂತ ದೊಡ್ಡದಾಗಿದೆ. ಡಾಕ್ಟರ ಮೇಲೆ ಏನೂ ಸಾಬೀತಾಗಲಿಲ್ಲ. ಕುಸುಮಳ ಮೇಲೆ ಇಲಾಖಾ ವಿಚಾರಣೆ ನಡೆದು ಎರಡು ವೇತನ ಬಡ್ತಿ ಕಡಿತವಾಯಿತು. ತಪ್ಪೊಪ್ಪಿಗೆಯನ್ನು ಅವಳು ಒಂದೇ ಸಾಲಿನಲ್ಲಿ ಬರೆದಿದ್ದಳು.

ಚಿಕ್ಕನಿಂಗಮ್ಮನಿಗೆ ಪರಿಹಾರ ಸಿಕ್ಕಿಲ್ಲ. ದಾವೆ ಇನ್ನೂ ಎಳೆಯುತ್ತಿದೆ, ಸಿಗುತ್ತದೆಂದು ಶ್ರುತಿಯೂ ಹೇಳುವುದಿಲ್ಲ. ಆದರೆ ಪರಿಶೀಲನೆಗೆ ಹೋದ ಕಾಗದಗಳಿಗೆ ಸಮಿತಿಯಿಂದ ಒಂದು ಉತ್ತರ ಬಂತು. ಅರ್ಧ ಪುಟ. ‘ಮೃತರ ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಅದಕ್ಕೂ ಅವರು ಪಡೆದ ಲಸಿಕೆಗೂ ಸಂಬಂಧವಿರುವ ಸಂಭವವಿರುತ್ತದೆ. ಮೃತರಿಗೆ ಈ ಹಿಂದೆ ಯಾವುದೇ ಕಾಯಿಲೆ ಇದ್ದ ಬಗ್ಗೆ ದಾಖಲೆ ಇರುವುದಿಲ್ಲ.’

ಆ ಕಾಗದ ಹಿಡಿದು ಇಬ್ಬರೂ ಯಳಂದೂರು ಕಡೆಯ ಬೀಗರ ಮನೆಗೆ ಹೋದರು. ಚಿಕ್ಕನಿಂಗಮ್ಮನಿಗೆ ಓದಲು ಬರುವುದಿಲ್ಲ, ಓದಬೇಕಾದದ್ದು ಕುಸುಮ. ಮಟಮಟ ಮಧ್ಯಾಹ್ನ. ಬೀದಿಯ ಕಟ್ಟೆಯ ಮೇಲೆ ಹೆಂಗಸರಿದ್ದರು. ಚಿಕ್ಕನಿಂಗಮ್ಮ ಮನೆಯೊಳಗೆ ಹೋಗಲಿಲ್ಲ. ಬೀಗಿತ್ತಿಯನ್ನು ಹೊರಗೆ ಕರೆದು, ಬೀದಿಯಲ್ಲೇ ನಿಂತು, “ಓದಿ ಸಿಸ್ಟ್ರೇ, ಜೋರಾಗಿ,” ಎಂದಳು. ಕುಸುಮ ಓದಿದಳು. ಕೊನೆಯ ಸಾಲನ್ನು ಇನ್ನೊಂದು ಸಲ ಓದಿಸಿದಳು ಚಿಕ್ಕನಿಂಗಮ್ಮ.

“ಈಗ್ಯಾಕ ಇದೆಲ್ಲ?” ಎಂದಳು ಬೀಗಿತ್ತಿ. “ಸತ್ತೋಳು ಸತ್ಲು.”

“ಸಂತಲಿ ಅಂದ್ರಲ್ಲ, ಅದ್ಕ,” ಎಂದು ಚಿಕ್ಕನಿಂಗಮ್ಮ ಕಾಗದವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಒಳಗಿನಿಂದ ಹೊಸ ಸೊಸೆ ಇಣುಕಿ ನೋಡಿ ಹಿಂದೆ ಸರಿದಳು. ರತ್ನಳ ಗಂಡ ಮನೆಯಲ್ಲೇ ಇದ್ದ, ಹೊರಗೆ ಬರಲಿಲ್ಲ.

ಕೊಳ್ಳೇಗಾಲದ ಬಸ್ಸಿನಲ್ಲಿ ಜಾಗವಿತ್ತು. ಚಿಕ್ಕನಿಂಗಮ್ಮ ಕಿಟಕಿಯ ಪಕ್ಕ ಕೂತಳು. ಕುಸುಮ ಅವಳ ಹಿಂದಿನ ಸೀಟಿನಲ್ಲಿ ಕೂತು, ಬಿಸಿಲಿಗೆ ಬಾಯಾರಿದ್ದಾಳೆಂದು ನೀರಿನ ಬಾಟಲಿಯನ್ನು ಮುಂದಕ್ಕೆ ಚಾಚಿದಳು.

ಚಿಕ್ಕನಿಂಗಮ್ಮ ತಿರುಗಿ ಬಾಟಲಿಯನ್ನು ನೋಡಿದಳು, ಅವಳನ್ನು ನೋಡಿದಳು.

“ನಿಮ್ ಕೈಯಿಂದ ನೀರು ಇಸ್ಕೊಂಡು ಕುಡಿಯಕ್ಕ ನನ್ ಮನ್ಸು ಒಪ್ಪದಿಲ್ಲ ಸಿಸ್ಟ್ರೇ,” ಎಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. “ಓದಿದ್ರಲ್ಲ. ಅಷ್ಟು ಸಾಕು.”

ಕುಸುಮ ಬಾಟಲಿಯನ್ನು ಹಿಂದಕ್ಕೆ ತೆಗೆದುಕೊಂಡಳು. ಈ ಎರಡು ವರ್ಷದಲ್ಲಿ ಅವಳಿಗೆ ಎಷ್ಟೋ ಜನರ ಎಷ್ಟೋ ಮಾತು ಅಸಹ್ಯ ತರಿಸಿತ್ತು. ಇದೊಂದು ಮಾತು ಮಾತ್ರ ಸರಿ ಎನಿಸಿತು.